ನೂರೆಂಬತ್ತು ವೋಲ್ಟಿನ ಪಂಡಿತ

ಕಳಸದಿಂದ ಹೊರನಾಡಿಗೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿದು ಮೊದಲ ತಿರುವು ಬರುವ ಕಡೆ, ತಗಡಿನ ಮಾಡಿನ ಒಂದು ಅಂಗಡಿ ಇದೆ. ಹೊರಗೆ ಸುಟ್ಟ ಪಂಪ್‌ಸೆಟ್ ಮೋಟಾರುಗಳು ಆಸ್ಪತ್ರೆಯ ಜಗುಲಿಯಲ್ಲಿ ರೋಗಿಗಳು ಕೂತ ಹಾಗೆ ಸಾಲಾಗಿ ಕೂತಿರುತ್ತವೆ. ಅರ್ಧಕ್ಕರ್ಧ ಮೋಟಾರುಗಳ ವಾರಸುದಾರರು ಈ ಕಡೆ ತಲೆಹಾಕಿಯೇ ಇಲ್ಲ. ಅಂಗಡಿ ನನ್ನ ತಮ್ಮನ ಮಗಳು ಪಂಚಮಿಯದ್ದು. ತಮ್ಮ ತೀರಿಕೊಂಡ ಮೇಲೆ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಅವನ ಕೆಲಸವನ್ನು ಅವಳೇ ಹಿಡಿದಳು. ಒಳಗೆ ಮೂಲೆಯಲ್ಲೊಂದು ಕುರ್ಚಿ. ಅದರಲ್ಲಿ ಕೂತು, ಯಾರೂ ಕೇಳದಿದ್ದರೂ ಸಲಹೆ ಕೊಡುವವನು ನಾನು. ಹೆಸರು ಜನಾರ್ದನ. ಊರವರು ಭಟ್ರು ಅನ್ನುತ್ತಾರೆ. ಅದು ಹುಟ್ಟಿನಿಂದ ಬಂದದ್ದು, ಕಲಿತು ಸಂಪಾದಿಸಿದ್ದಲ್ಲ.

ನಮ್ಮದು ಪೂಜೆ ಪುನಸ್ಕಾರದ ಮನೆ. ನನಗೆ ನಾಲ್ಕು ಮಂತ್ರ ಕಲಿಸಲು ಅಪ್ಪ ಪಟ್ಟ ಪಾಡು ಅಷ್ಟಿಷ್ಟಲ್ಲ. ನನಗೋ ಗಂಟೆ ಬಾರಿಸುವುದಕ್ಕಿಂತ ರೇಡಿಯೋದ ಬೆನ್ನು ಬಿಚ್ಚುವುದರಲ್ಲಿ ಚುರುಕು. ಹತ್ತನೇ ತರಗತಿಗೆ ಎರಡು ಸಲ ಕೂತೆ. ಎರಡು ಸಲವೂ ಇಂಗ್ಲಿಷು ನನ್ನನ್ನು ಬಾಗಿಲಿನಿಂದಲೇ ವಾಪಸು ಕಳಿಸಿತು. ಆಮೇಲೆ ಮದುವೆ ಮುಂಜಿಗೆ ಮೈಕ್ ಸೆಟ್ ಕಟ್ಟಿದೆ, ರೇಡಿಯೋ ರಿಪೇರಿ ಮಾಡಿದೆ, ಕೊನೆಗೆ ಮಿಕ್ಸಿ, ಗ್ರೈಂಡರಿನವರೆಗೂ ಇಳಿದೆ. ಆದರೆ ನಡುವೆ ಒಂದಷ್ಟು ವರ್ಷ ನಾನು ದೊಡ್ಡ ಮನುಷ್ಯನಾಗಿದ್ದೆ. ಈ ಸೀಮೆಯಲ್ಲಿ ಆಂಪ್ಲಿಫೈಯರ್ ಕಟ್ಟಿದ ಮೊದಲನೆಯವನು ನಾನು. ಎರಡನೆಯವನು ಯಾರೂ ಇರಲಿಲ್ಲವಾದ್ದರಿಂದ ಮೊದಲನೆಯವನಾಗುವುದು ಅಷ್ಟೇನೂ ಕಷ್ಟವಾಗಲಿಲ್ಲ.

ಅದರ ನಕ್ಷೆ ಸಿಕ್ಕಿದ್ದು ಒಂದು ಎಸ್ಟೇಟ್ ಬಂಗಲೆಯ ರದ್ದಿಯಲ್ಲಿ. ಯಾವುದೋ ವಿದೇಶಿ ಪತ್ರಿಕೆಯಿಂದ ಹರಿದ ಹಾಳೆ. ಐದು ವಾಲ್ವು, ಹತ್ತು ವ್ಯಾಟು. ಆ ಕಾಲದಲ್ಲಿ ಸಂಗೀತದ ಹುಚ್ಚಿರುವ ಲೋಕವೆಲ್ಲ ಅದನ್ನೇ ಕಟ್ಟಿಕೊಳ್ಳುತ್ತಿತ್ತಂತೆ. ಚಿತ್ರದ ಸುತ್ತ ಇರುವೆ ಸಾಲಿನ ಹಾಗೆ ಇಂಗ್ಲಿಷಿತ್ತು. ಅದರ ಗೊಡವೆಗೆ ನಾನು ಹೋಗಲಿಲ್ಲ. ಚಿತ್ರ ಬಂದರೆ ಸಾಕೆಂದುಕೊಂಡೆ. ವಾಲ್ವ್ ಅಂದರೆ ಈಗಿನವರಿಗೆ ನೀರಿನ ಪೈಪಿನದ್ದು ನೆನಪಾಗುತ್ತದೆ. ಇದು ಗಾಜಿನ ಬುರುಡೆ. ಒಳಗೆ ಒಂದು ತಂತಿ ಕೆಂಡದ ಹಾಗೆ ಕಾಯಬೇಕು, ಕಾದರೆ ಮಾತ್ರ ದುಡಿಯುತ್ತದೆ. ಬೆಳಗಿನ ಕಾಫಿ ಬೀಳದೆ ಬೆನ್ನು ಬಗ್ಗಿಸದ ನಮ್ಮವರ ಜಾತಿಯದ್ದೇ.

ಹಾಳೆಯಲ್ಲಿದ್ದಂತೆಯೇ ಕಟ್ಟಿದೆ. ಪೆಟ್ಟಿಗೆ ಏಕಾದಶಿ ಉಪವಾಸ ಬಿದ್ದವರ ಹಾಗೆ ಹಾಡಿತು. ಆಗ ನನಗೆ ಇಪ್ಪತ್ತೆರಡು. ಇಂಗ್ಲಿಷಿನಲ್ಲಿ ಎರಡು ಸಲ ಡುಮ್ಕಿ ಹೊಡೆದವನಿಗೆ ಇಂಗ್ಲಿಷಿನವರ ತಪ್ಪು ಹಿಡಿಯುವುದಕ್ಕಿಂತ ದೊಡ್ಡ ಸುಖ ಇನ್ನೇನಿದೆ? ನಕ್ಷೆ ಬರೆದವರಿಗೆ ತಿಳಿವಳಿಕೆ ಸಾಲದು ಎಂದು ಅಂದೇ ತೀರ್ಮಾನಿಸಿ ತಿದ್ದಲು ಕೂತೆ. ಕರೆಂಟು ಒಳಗೆ ಬರುವ ಕಡೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ: ಕಬ್ಬಿಣದ ತಗಡುಗಳ ಕಟ್ಟಿಗೆ ತಂತಿ ಸುತ್ತಿದ ಒಂದು ಗಟ್ಟಿ. ಅದರ ಒಳಬರುವ ಸುತ್ತನ್ನು ಕಡಿಮೆ ಮಾಡಿದರೆ ವಾಲ್ವುಗಳಿಗೆ ಊಟ ಹೆಚ್ಚು ಬೀಳುತ್ತದೆ. ಕಡಿಮೆ ಮಾಡಿದೆ. ಅಲ್ಲೊಂದು ರೆಸಿಸ್ಟರ್ ಕಿತ್ತು ಸಣ್ಣದು ಹಾಕಿದೆ, ಇಲ್ಲೊಂದನ್ನು ಬದಲಿಸಿದೆ. ಪೆಟ್ಟಿಗೆಗೆ ಜೀವ ಬಂತು. ದನಿ ತುಂಬಿಕೊಂಡಿತು. ಆ ತಿದ್ದುಪಡಿಗೆ ನಾನೇ ‘ಕಳಸದ ಹದ’ ಎಂದು ಹೆಸರಿಟ್ಟು, ಕೇಳಿದವರಿಗೂ ಕೇಳದವರಿಗೂ ಐವತ್ತು ವರ್ಷ ಹೇಳಿಕೊಂಡು ತಿರುಗಿದೆ.

ಆಮೇಲೆ ಟ್ರಾನ್ಸಿಸ್ಟರ್ ಬಂತು, ಕ್ಯಾಸೆಟ್ ಬಂತು, ಕೊನೆಗೆ ಎಲ್ಲರ ಜೇಬಿನೊಳಗೇ ಹಾಡು ಬಂತು. ವಾಲ್ವಿನ ಹೆಸರು ಎತ್ತಿದರೆ ನನ್ನ ಹೆಂಡತಿ ಸುಶೀಲಾ ಕೂಡ ಎದ್ದು ಅಡುಗೆಮನೆಗೆ ಹೋಗುವಂತಾಯಿತು.

ಹೀಗಿರುವಾಗ ಕಳೆದ ಫೆಬ್ರವರಿಯಲ್ಲಿ ಅತ್ತಿಗುಂಡಿಯ ಅಶ್ವಿನ್ ಗೌಡರು ಜೀಪಿನಲ್ಲಿ ಬಂದು ಇಳಿದರು. ಇನ್ನೂ ಹರೆಯದವರು. ತೋಟದ ಜೊತೆಗೆ ಪ್ರವಾಸಿಗರಿಗೆಂದು ಆರು ಕಾಟೇಜ್ ಕಟ್ಟಿಸಿದ್ದಾರೆ. ಕೈಯಲ್ಲಿ ತುಕ್ಕು ಹಿಡಿದ ಒಂದು ಪೆಟ್ಟಿಗೆ. ನೋಡಿದ ಕೂಡಲೇ ಗುರುತು ಸಿಕ್ಕಿತು. ನಾನೇ ಕಟ್ಟಿದ್ದು.

“ಭಟ್ರೇ, ಇದು ನಮ್ಮಜ್ಜ ನಿಮ್ಮ ಹತ್ರ ಮಾಡ್ಸಿದ್ದಂತೆ. ಇಂಥದ್ದೇ ಹೊಸದಾಗಿ ಮಾಡ್ಕೊಡ್ತೀರಾ? ಈಗ ಬೆಂಗಳೂರಿನ ಜನ ವಾಲ್ವ್ ಸೆಟ್ ಅಂದ್ರೆ ಬಿದ್ದು ಸಾಯ್ತಾರೆ. ಹಳೇ ಡಿಸೈನ್‌ನೇ ಹೊಸದಾಗಿ ಮಾಡಿ ಮಾರೋ ಕಂಪನಿಗಳೇ ಹುಟ್ಕೊಂಡಿವೆ. ಹೊರದೇಶದಿಂದ ತರ್ಸೋಣ ಅಂದ್ರೆ ಎರಡು ವರ್ಷದ ಕಾಳುಮೆಣಸು ಅದಕ್ಕೇ ಹೋಗುತ್ತೆ.”

“ಹೊರದೇಶದ್ದು ಎಂತಕ್ಕೆ ಗೌಡ್ರೇ? ಅವರ ತಪ್ಪು ತಿದ್ದಿದವನು ಇಲ್ಲೇ ಕೂತಿದ್ದೇನಲ್ಲ.”

“ಅಜ್ಜ ಹೇಳ್ತಿದ್ರು, ಒಂದು ವಾರ ಸ್ವರ್ಗದ ಹಾಗೆ ಹಾಡ್ತು, ಆಮೇಲೆ ಹೊಗೆ ಬಂತು ಅಂತ.”

“ನಿಮ್ಮ ಬಂಗಲೆಯಲ್ಲಿ ಆಗ ಜನರೇಟರ್ ಇತ್ತು. ಜನರೇಟರಿನ ಕರೆಂಟು ಒರಟು. ಸಂಗೀತಕ್ಕೆ ಆಗೋದಿಲ್ಲ.”

ಗೌಡರು ತಲೆಯಾಡಿಸಿದರು. ಚಿಕ್ಕಮಗಳೂರು ಪೇಟೆಯವರೊಬ್ಬರ ಸೆಟ್ಟು ಹೀಗೇ ಸುಟ್ಟು ಬಂದಿದ್ದಾಗ, ಪೇಟೆಯವರಿಗೆ ಸ್ವಿಚ್ ಹಾಕಲು ಬರುವುದಿಲ್ಲ ಎಂದಿದ್ದೆ. ನನ್ನ ಪೆಟ್ಟಿಗೆ ಎಲ್ಲಿ ಸುಟ್ಟರೂ ಅದಕ್ಕೆ ನನ್ನ ಬಳಿ ಒಂದು ಕಾರಣ ತಯಾರಿರುತ್ತಿತ್ತು. ಆ ಕಾರಣಗಳಲ್ಲಿ ನಾನು ಮಾತ್ರ ಇರುತ್ತಿರಲಿಲ್ಲ.

ಗೌಡರ ಮಾತಿಗೆ ನನಗಿಂತ ಹೆಚ್ಚು ಕಿವಿಗೊಟ್ಟವಳು ಪಂಚಮಿ. ಅದಕ್ಕೆ ಕಾರಣವಿತ್ತು. ಈಗ ಮೋಟಾರು ಸುಟ್ಟರೆ ತಂತಿ ಸುತ್ತಿಸುವವರು ಕಡಿಮೆ. ಹೊಸದನ್ನೇ ತಂದು ಕೂರಿಸುತ್ತಾರೆ. ಅವಳ ಗಂಡ ಸುದೀಪ ಹೊರನಾಡಿನಲ್ಲಿ ಲಾಡ್ಜ್ ನಡೆಸುತ್ತಾನೆ. ಕೆಟ್ಟವನಲ್ಲ, ಬಲು ಲೆಕ್ಕಾಚಾರದವನು. “ಯುಗಾದಿ ತನಕ ನೋಡುವ. ಅಷ್ಟರಲ್ಲಿ ಅಂಗಡಿಗೊಂದು ದಾರಿ ಕಂಡ್ರೆ ಸರಿ. ಇಲ್ಲಾಂದ್ರೆ ಶಟರ್ ಎಳೆದು ಲಾಡ್ಜಿನ ಕೌಂಟರಿಗೆ ಬಾ” ಎಂದು ಹೇಳಿಯಾಗಿತ್ತು. ಇವಳೂ ಒಪ್ಪಿದ್ದಳು. ಒಪ್ಪಿದವಳು ನನ್ನ ಮುಂದೆ ಬಂದು, “ಬಂದವರಿಗೆ ಕೀಲಿ ಕೊಡೋದು, ಹೋಗುವವರ ಹತ್ರ ಇಸ್ಕೊಳ್ಳೋದು. ದೊಡ್ಡಪ್ಪ, ಆ ಕೆಲಸಕ್ಕೆ ಗೋಡೆಗೊಂದು ಮೊಳೆ ಹೊಡೆದ್ರೆ ಸಾಲದಾ, ನಾನ್ಯಾಕೆ?” ಎಂದು ತಂತಿಯ ಉಂಡೆಯನ್ನು ನೆಲಕ್ಕೆ ಕುಕ್ಕಿದ್ದಳು.

ಹಾಗಾಗಿ ಆರು ಕಾಟೇಜಿಗೆ ಆರು ಪೆಟ್ಟಿಗೆ ಎಂಬ ಮಾತು ಬಂದಾಗ ಅವಳ ಮುಖ ನೋಡಬೇಕಿತ್ತು. ಮೊದಲು ಒಂದು ಮಾಡಿ ಕೇಳಿಸಿ, ಮನಸ್ಸಿಗೆ ಬಂದರೆ ಆರಕ್ಕೂ ಆರ್ಡರ್ ಎಂದು ಗೌಡರು ಹೋದರು. ಆರ್ಡರ್ ಬಂದರೆ ಅಂಗಡಿ ಉಳಿಯಿತು; ಬರದಿದ್ದರೆ ಲಾಡ್ಜಿನ ಕೀಲಿ.

ಮರುದಿನವೇ ಕೆಲಸ ಶುರು. ವಾಲ್ವು ಈಗಲೂ ಹೊರದೇಶದಲ್ಲಿ ತಯಾರಾಗುತ್ತದೆ, ಫೋನಿನಲ್ಲಿ ಹೇಳಿದರೆ ಅಂಚೆಯಲ್ಲಿ ಬರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಪಂಚಮಿ ತರಿಸಿದಳು. ಟ್ರಾನ್ಸ್‌ಫಾರ್ಮರ್ ಸುತ್ತುವುದು ಅವಳ ಕೈಯ ಕೆಲಸ. ಎಷ್ಟು ಸುತ್ತು ಎಂದು ಹೇಳುವುದು ನನ್ನ ಬಾಯಿಯ ಕೆಲಸ.

“ದೊಡ್ಡಪ್ಪ, ಕರೆಂಟ್ ಬರೋ ಕಡೆ ಒಂಬೈನೂರು ಸುತ್ತು ಸಾಕಾ? ಈ ಅಳತೆಯ ಕಬ್ಬಿಣಕ್ಕೆ ಹನ್ನೊಂದು ನೂರೈವತ್ತಾದ್ರೂ ಬೇಕಲ್ಲ?”

“ನಿನ್ನದು ಮೋಟಾರಿನ ಲೆಕ್ಕ ಮಾರಾಯ್ತಿ. ಇದು ಸಂಗೀತದ್ದು.”

“ತಂತಿಗೆಂತ ಸಂಗೀತ ಗೊತ್ತಾಗ್ತದಾ?”

“ಸುತ್ತಿಸುವವನಿಗೆ ಗೊತ್ತಿದ್ರೆ ತಂತಿಗೂ ಗೊತ್ತಾಗ್ತದೆ.”

ಇಂಥ ಮಾತು ನನ್ನ ಬಾಯಿಂದ ಹೊಳೆನೀರಿನ ಹಾಗೆ ಸಲೀಸಾಗಿ ಹರಿಯುತ್ತದೆ. ಅವಳು ತುಟಿ ಕಚ್ಚಿಕೊಂಡು ಒಂಬೈನೂರೇ ಸುತ್ತಿದಳು. ಪೂರ್ತಿಯಾದ ಮೇಲೆ ವಾಲ್ವಿನ ಕಾಲಿಗೆ ಮೀಟರು ಹಿಡಿದಳು. ಎಷ್ಟು ಬರಬೇಕಿತ್ತೋ ಅಷ್ಟೇ, ಆರು ಮುಕ್ಕಾಲೂ ಅಲ್ಲ, ಐದು ಮುಕ್ಕಾಲೂ ಅಲ್ಲ, ಸರಿಯಾಗಿ ಆರು ಪಾಯಿಂಟ್ ಮೂರು ವೋಲ್ಟು.

“ಸರಿಯಾಗೇ ಉಂಟಲ್ಲ!” ಎಂದಳು, ಅರ್ಧ ಸಂತೋಷ, ಅರ್ಧ ಅನುಮಾನದಲ್ಲಿ.

“ಮತ್ತೆ? ನಿನ್ನ ದೊಡ್ಡಪ್ಪ ಇದನ್ನ ನಿನ್ನಪ್ಪನ ಮದುವೆಗೂ ಮೊದಲೇ ಕಂಡುಹಿಡಿದವನು.”

ಇಲ್ಲಿ ನಮ್ಮೂರಿನ ಒಂದು ಸಂಗತಿ ಹೇಳಬೇಕು. ನಾವಿರುವುದು ಕರೆಂಟಿನ ಲೈನಿನ ಕಟ್ಟಕಡೆಯಲ್ಲಿ. ಮಾರ್ಚ್ ಬಂತೆಂದರೆ ಕಾಫಿಗೆ ನೀರು ಹಾಯಿಸುವ ಕಾಲ. ಹೊಳೆಯುದ್ದಕ್ಕೂ ಪಂಪುಗಳು ಬೆಳಗಿನಿಂದ ರಾತ್ರಿವರೆಗೆ ಗೊರಗುಡುತ್ತವೆ, ತೋಟತೋಟದಲ್ಲೂ ಸ್ಪ್ರಿಂಕ್ಲರು ತಿರುಗುತ್ತದೆ. ಎಲ್ಲರೂ ಎಳೆದು ಎಳೆದು ನಮಗೆ ಉಳಿಯುವ ಕರೆಂಟು ತಳ ಕೆರೆದ ಪಾಯಸದಷ್ಟು. ಅಂಗಡಿಯ ಗೋಡೆಯಲ್ಲಿ ವೋಲ್ಟ್ ತೋರಿಸುವ ಮುಳ್ಳಿನ ಮೀಟರೊಂದಿದೆ. ಆ ಕಾಲದಲ್ಲಿ ಅದರ ಮುಳ್ಳು ನೂರೆಂಬತ್ತಕ್ಕೆ ಬಂದು ಒರಗಿಕೊಂಡರೆ ಮತ್ತೆ ಏಳುವುದಿಲ್ಲ. ನಾನು ಹುಡುಗನಾಗಿದ್ದಾಗಲಂತೂ ವರ್ಷವಿಡೀ ಅದೇ ಗತಿ. ಹುಟ್ಟಿದಾಗಿನಿಂದ ಕಂಡದ್ದನ್ನು ಯಾರೂ ತಿರುಗಿ ನೋಡುವುದಿಲ್ಲ. ಗೋಡೆಯ ಆ ಮೀಟರಿನ ಕಡೆ ನಾನೂ ನೋಡಲಿಲ್ಲ, ಪಂಚಮಿಯೂ ನೋಡಲಿಲ್ಲ. ಮಳೆಗಾಲದಲ್ಲಿ ಕಟ್ಟಿದ್ದರೆ ಅಂಗಡಿಯ ನಾಲ್ಕು ಗೋಡೆಯೊಳಗೇ ನನ್ನ ಮಾನ ಹೋಗಿ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಹಣೆಯಲ್ಲಿ ಸಭೆಯ ಮುಂದೆ ಹೋಗುವುದು ಬರೆದಿತ್ತು.

ಗೌಡರು ಕೇಳಲು ಬಂದ ದಿನ ಸೆಕೆಯೆಂದರೆ ಸೆಕೆ. ತಗಡಿನ ಕೆಳಗೆ ನಾವು ಹುರುಳಿಕಾಳಿನ ಹಾಗೆ ಬೇಯುತ್ತಿದ್ದೆವು. ಫ್ಯಾನಿನ ರೆಕ್ಕೆ ಎಣಿಸಬಹುದಿತ್ತು, ಬಲ್ಬು ಕುಂಬಳಕಾಯಿ ಹೂವಿನ ಬಣ್ಣಕ್ಕಿತ್ತು. ಸುಶೀಲಾ ಕೋಡುಬಳೆ ಡಬ್ಬಿ ಹಿಡಿದು ಬಂದಿದ್ದಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ, ಒಂದು ಶಲ್ಯವನ್ನೂ ಹೊದ್ದಿದ್ದೆ.

“ಈ ಸೆಕೆಗೆ ಶಲ್ಯ ಎಂತಕ್ಕೆ ಇವ್ರೇ? ಸನ್ಮಾನ ಇನ್ನೂ ಆಗ್ಲಿಲ್ಲ” ಎಂದಳು ಸುಶೀಲಾ.

“ಸುಮ್ನಿರೇ. ಕಲಾವಿದರು ಹೀಗೇ ಕೂರೋದು.”

“ಬೆವರಿ ಬಿದ್ರೆ ಎತ್ತಲಿಕ್ಕೆ ನನ್ನ ಕೈಲಾಗೋದಿಲ್ಲ, ಈಗ್ಲೇ ಹೇಳಿದ್ದೇನೆ.”

ಗೌಡರ ಮನಸ್ಸು ಅರ್ಧ ಮಾತ್ರ ಇಲ್ಲಿತ್ತು. ಅತ್ತಿಗುಂಡಿಯ ಕಡೆ ಅರೇಬಿಕಾ. ಅಲ್ಲಿ ಪಂಪಿಲ್ಲ, ಆಕಾಶವೇ ಗತಿ. ಮೊಗ್ಗು ಕಟ್ಟಿ ಗಿಡಗಳು ಕಾಯುತ್ತಿದ್ದವು. ಹೂಮಳೆ ಬಿದ್ದರೆ ಬೆಳೆ, ತಡವಾದರೆ ಮೊಗ್ಗು ಗಿಡದಲ್ಲೇ ಕರಟುತ್ತದೆ. ಅವರು ಘಳಿಗೆಗೊಮ್ಮೆ ಬಾಗಿಲಾಚೆ ಮೋಡ ನೋಡುತ್ತಿದ್ದರು. ಆದರೂ ಅಜ್ಜನ ಕಾಲದ ನಾಗಸ್ವರದ ಒಂದು ರೆಕಾರ್ಡನ್ನು ಮಗುವನ್ನೆತ್ತಿದ ಹಾಗೆ ಎತ್ತಿ ತಂದಿದ್ದರು.

ರೆಕಾರ್ಡು ತಿರುಗಿತು. ನಾಗಸ್ವರ ಎದ್ದಿತು. ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಎದ್ದಿತು. ಗೌಡರು ಮೋಡ ಮರೆತು ಕಣ್ಣು ಮುಚ್ಚಿದರು. ಒಂದು ಬದಿ ಮುಗಿದಾಗ ನಿಧಾನವಾಗಿ ಕಣ್ಣು ಬಿಟ್ಟು, “ಅಜ್ಜ ಹೇಳಿದ್ದು ಸುಳ್ಳಲ್ಲ ಭಟ್ರೇ” ಎಂದರು. ಪಂಚಮಿಯ ಕಡೆ ತಿರುಗಿ, “ಇನ್ನೊಂದು ಬದೀನೂ ಕೇಳ್ಬಿಡೋಣ. ಆಮೇಲೆ ಆರಕ್ಕೂ ಮಾತಾಡುವ” ಎಂದರು. ಪಂಚಮಿ ಸೆರಗಿನಿಂದ ಮುಖ ಒರೆಸಿಕೊಂಡಳು; ಬೆವರೋ ಇನ್ನೇನೋ ನಾನು ವಿಚಾರಿಸಲಿಲ್ಲ. ಅವಳು ರೆಕಾರ್ಡು ಮಗುಚಿ ಹಾಕಿದಳು. ನಾನು ಶಲ್ಯ ಸರಿಮಾಡಿಕೊಂಡು ಕಳಸದ ಹದದ ಕತೆಯನ್ನು ಮೊದಲಿನಿಂದ ಶುರುಮಾಡಿದೆ.

ಆಗ ಗುಡುಗಿತು.

ನಮ್ಮಲ್ಲಿ ಗುಡುಗು ಕೇಳಿದರೆ ಕರೆಂಟು ಹೋಗುವುದು ವಾಡಿಕೆ. ಅವತ್ತು ಹೋಗಲಿಲ್ಲ. ಹೋಗಿದ್ದರೆ ಇಂದಿಗೂ ನಾನು ಪಂಡಿತನಾಗಿಯೇ ಉಳಿಯುತ್ತಿದ್ದೆ. ದಪ್ಪ ಹನಿ ನಾಲ್ಕು ತಗಡಿಗೆ ಹೊಡೆದವು, ಹಿಂದೆಯೇ ಯಾರೋ ಮೇಲಿನಿಂದ ಅಡಕೆ ಸುರಿದ ಹಾಗೆ ಮಳೆ ಸುರಿಯಿತು. ಗೌಡರು ಕೂಗಿಕೊಂಡು ಹೊರಗೆ ಹಾರಿದರು. ಮಳೆಯಲ್ಲೇ ನಿಂತು ಫೋನು ಕಿವಿಗಿಟ್ಟು ತಮ್ಮ ಎಸ್ಟೇಟಿನ ಲೆಕ್ಕ ಬರೆಯುವ ರೈಟರಿಗೆ ಅರಚಿದರು: “ರೈಟ್ರೇ, ಅಲ್ಲಿ ಬಂತಾ? ಬಂತಾ? ಎಷ್ಟು ಸೆಂಟ್ಸ್? ಗೇಜ್ ನೋಡ್ರೀ ಮಾರಾಯ್ರೆ, ನನ್ನನ್ನೇನ್ ಕೇಳ್ತೀರಾ!” ಇಂಚಿನ ನೂರರಲ್ಲೊಂದು ಪಾಲು ಒಂದು ಸೆಂಟ್, ಕಾಫಿಯವರು ಮಳೆಯನ್ನು ಚಿನ್ನ ತೂಗಿದ ಹಾಗೆ ಅಳೆಯುತ್ತಾರೆ.

ಹೂಮಳೆ ಬಿದ್ದ ಮೇಲೆ ಪಂಪ್ ಓಡಿಸುವ ಹುಚ್ಚ ಯಾರಿದ್ದಾನೆ? ಹೊಳೆಯುದ್ದದ ಪಂಪುಗಳು ಒಂದರ ಹಿಂದೊಂದು ಬಾಯಿ ಮುಚ್ಚಿದವು. ಅಂಗಡಿಯ ಫ್ಯಾನು ಮೈಮೇಲೆ ದೇವರು ಬಂದ ಹಾಗೆ ತಿರುಗತೊಡಗಿತು. ಬಲ್ಬು ಬೆಳ್ಳಗೆ ಉರಿಯಿತು. ನಾಗಸ್ವರ ಮಳೆಯ ಸದ್ದಿಗೆ ಸವಾಲು ಹಾಕುವಂತೆ ಏರಿತು.

“ನೋಡೇ, ಬಲ್ಬಿಗೂ ಖುಷಿಯಾಯ್ತು!” ಎಂದೆ.

“ಗಾಜಿನೊಳಗಿನ ತಗಡು ಕೆಂಪಾಗ್ತಾ ಉಂಟಲ್ಲ ಇವ್ರೇ, ಹಾಗೇ ಆಗ್ಬೇಕಾ ಅದು?”

“ಅದು ಸಂಗೀತದ ಕಾವು. ನಿನಗೆ ತಿಳಿಯೋದಿಲ್ಲ.”

“ನನಗೆ ಒಲೆಯ ಕಾವು ಗೊತ್ತು. ಇದು ಅದೇ.”

ಅವಳು ಹೇಳಿ ಬಾಯಿ ಮುಚ್ಚಿಲ್ಲ, ಟ್ರಾನ್ಸ್‌ಫಾರ್ಮರ್ ಕಡಜದ ಗೂಡಿನ ಹಾಗೆ ಗುಂಯ್‌ಗುಟ್ಟಿತು. ವಾರ್ನಿಶಿನ ವಾಸನೆ ಬಂತು, ವಾಸನೆಯ ಬೆನ್ನಿಗೇ ಹೊಗೆ. ನಾಗಸ್ವರ ಕತ್ತು ಹಿಚುಕಿದ ಕೋಳಿಯಂತೆ ಒಮ್ಮೆ ಕೂಗಿ ನಿಂತಿತು. ಪಂಚಮಿ ಹಾರಿ ಪ್ಲಗ್ ಕಿತ್ತಳು. ಕಿತ್ತವಳು ತಲೆಯೆತ್ತಿ ಗೋಡೆಯ ಮೀಟರ್ ನೋಡಿದಳು. ಮುಳ್ಳು ಇನ್ನೂರ ನಲವತ್ತರ ಮೇಲಿತ್ತು.

ಗೌಡರು ನೆನೆದು ತೊಪ್ಪೆಯಾಗಿ, ಮುಖದ ತುಂಬ ನಗೆ ಹೊತ್ತು ಒಳಗೆ ಬಂದವರು ಬಾಗಿಲಲ್ಲೇ ನಿಂತರು. “ಏನ್ ಭಟ್ರೇ, ಮಳೆ ಬಂತೂಂತ ಹೋಮ ಇಟ್ಕೊಂಡ್ರಾ?”

“ಕರೆಂಟು ಕೆಟ್ಟಿದೆ ಗೌಡ್ರೇ!” ಎಂದೆ ನಾನು, ಕೈ ಬೀಸಿ ಹೊಗೆ ಓಡಿಸುತ್ತ. “ನೋಡಿ ಅಲ್ಲಿ, ಇನ್ನೂರ ನಲವತ್ತು ಬರ್ತಾ ಉಂಟು. ಇದಕ್ಕೆ ಯಾರು ಜವಾಬ್ದಾರಿ?”

“ನಮ್ಮಲ್ಲಿ ಯಾವಾಗ್ಲೂ ಅಷ್ಟೇ ಇರುತ್ತಲ್ಲ. ಎಲ್ಲ ಕಡೆ ಬರೋದೇ ಅಷ್ಟಲ್ವಾ?”

ತಗಡಿನ ಮೇಲೆ ಮಳೆ ಬಾರಿಸುತ್ತಲೇ ಇತ್ತು. ಪಂಚಮಿ ನನ್ನನ್ನೇ ನೋಡುತ್ತಿದ್ದಳು.

“ದೊಡ್ಡಪ್ಪ, ನೀವು ಮೊದಲನೇ ಪೆಟ್ಟಿಗೆ ಕಟ್ಟಿದಾಗ ಇಲ್ಲಿ ಎಷ್ಟು ವೋಲ್ಟ್ ಬರ್ತಿತ್ತು?”

“ಎಷ್ಟು ಬರ್ತಿತ್ತೋ ಅಷ್ಟೇ ಬರ್ತಿತ್ತು” ಎಂದೆ. ಹೇಳುತ್ತಿರುವಾಗಲೇ ಆ ನೂರೆಂಬತ್ತು ನೆನಪಾಯಿತು. ನಕ್ಷೆ ಬರೆದ ಪುಣ್ಯಾತ್ಮರು ಯಾವ ತಪ್ಪನ್ನೂ ಮಾಡಿರಲಿಲ್ಲ. ಹೊಟ್ಟೆತುಂಬ ಕರೆಂಟು ಇರುವ ಊರಿಗಾಗಿ ಬರೆದಿದ್ದರು, ಅಷ್ಟೆ. ಅದನ್ನು ಅರೆಹೊಟ್ಟೆಯ ಊರಿನಲ್ಲಿ ಕಟ್ಟಿದವನು ನಾನು. ನನ್ನ ಕಳಸದ ಹದ ಅಂದರೆ ಲೈನಿನ ಬಡತನಕ್ಕೆ ಹಾಕಿದ ತೇಪೆ. ಅತ್ತಿಗುಂಡಿಯ ಜನರೇಟರು ಒರಟಾಗಿರಲಿಲ್ಲ. ಚಿಕ್ಕಮಗಳೂರಿನವರಿಗೆ ಸ್ವಿಚ್ ಹಾಕಲು ಚೆನ್ನಾಗಿಯೇ ಬರುತ್ತಿತ್ತು. ಪೂರ್ತಿ ಕರೆಂಟು ಇರುವ ಯಾವ ಮನೆಗೆ ಹೋದರೂ ನನ್ನ ಪೆಟ್ಟಿಗೆ ಮದುವೆ ಮನೆಗೆ ಹೋದ ಹೊಟ್ಟೆಬಾಕನ ಹಾಗೆ ಉಂಡು ಉಂಡೇ ಸತ್ತಿತ್ತು.

ಗೌಡರು ಸುಟ್ಟ ಗಟ್ಟಿಯನ್ನು ಬಗ್ಗಿ ನೋಡಿದರು. ಸಂಕೋಚದಲ್ಲಿ ಪಂಚಮಿಗೆ ಹೇಳಿದರು: “ವೈಂಡಿಂಗ್ ಹೋಗಿರೋದು ಅಲ್ವಾ? ಬೇಜಾರು ಮಾಡ್ಕೋಬೇಡಿ, ಪಂಪಿನ ಕೆಲಸ ಬೇರೆ, ಇದೇ ಬೇರೆ ಇರ್ಬಹುದು. ಗೆಸ್ಟ್ ಮಲಗಿರೋ ರೂಮಲ್ಲಿ ಹೀಗಾದ್ರೆ ಕಷ್ಟ. ನಾನು ಬೆಂಗಳೂರಲ್ಲೇ ಯಾರನ್ನಾದ್ರೂ…”

ಪಂಚಮಿ ಒಂದು ಮಾತನ್ನೂ ಆಡಲಿಲ್ಲ. ಹಿರಿಯರ ಮುಂದೆ ಹಿರಿಯರ ತಪ್ಪು ಹೇಳದಂತೆ ನಮ್ಮ ಮನೆಯಲ್ಲಿ ಬೆಳೆಸಿದ್ದೇವೆ. ಎಂಥ ಅನುಕೂಲದ ಸಂಸ್ಕಾರ ಎಂದು ಅವತ್ತು ತಿಳಿಯಿತು. ಸುಮ್ಮನಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಗೌಡರ ಮಾತಿನಲ್ಲಿ ಒಂದು ಸಂಗತಿ ನನಗೆ ಸಹಿಸಲಾಗಲಿಲ್ಲ. ಆ ಸುತ್ತು ಬೇರೆಯವರದ್ದೆಂದು ಲೋಕ ತಿಳಿಯುವುದೇ?

“ಎಂಥದ್ದು ಗೌಡ್ರೇ ನೀವು ಹೇಳೋದು? ಆ ಒಂಬೈನೂರು ಸುತ್ತು ನನ್ನದು!” ಎಂದು ಎದ್ದು ನಿಂತೆ. “ಐವತ್ತು ವರ್ಷದಿಂದ ನನ್ನದು. ಇವಳು ಬೇಡ ಅಂದಿದ್ಲು. ಇವಳ ಲೆಕ್ಕ ಹನ್ನೊಂದು ನೂರೈವತ್ತು. ಆ ಮೀಟರು ಈಗ ತೋರಿಸೋ ವೋಲ್ಟಿಗೆ ಅದೇ ಸರಿ. ನಾನು ಬಾಯಿ ಮುಚ್ಚಿಸಿ ಸುತ್ತಿಸಿದ್ದು!”

ಸತ್ಯಸಂಧತೆಯಿಂದ ಹೇಳಿದ್ದೆಂದು ಯಾರೂ ತಿಳಿಯಬಾರದು. ಬರೀ ಜಂಬ. ತಪ್ಪಾದರೂ ಸರಿ, ಅದು ನನ್ನ ಹೆಸರಿನಲ್ಲೇ ಇರಬೇಕಿತ್ತು.

ಸುಶೀಲಾ ಕೋಡುಬಳೆ ಡಬ್ಬಿ ಗೌಡರ ಮುಂದೆ ಹಿಡಿದಳು. “ತಗೊಳ್ಳಿ ಅಶ್ವಿನ್. ಇವರು ಒಂದು ಸಲ ತಪ್ಪು ಒಪ್ಪಿದ್ದು ನಾನು ಮದುವೆಯಾದ್ಮೇಲೆ ಇದೇ ಮೊದ್ಲು ನೋಡೋದು. ಸಿಹಿ ಮಾಡ್ಬೇಕಿತ್ತು, ಸಿಟ್ಟು ಮಾಡ್ಬೇಡಿ, ಖಾರವೇ ಇರೋದು.”

ಗೌಡರು ನಕ್ಕುಬಿಟ್ಟರು. ತೋಟಕ್ಕೆ ಮಳೆ ಬಿದ್ದ ದಿನ ಕಾಫಿಯವರಿಗೆ ಯಾರ ಮೇಲೂ ಸಿಟ್ಟು ನಿಲ್ಲುವುದಿಲ್ಲ. ಕೋಡುಬಳೆ ಮುರಿಯುತ್ತ ಪಂಚಮಿಗೆ ಹೇಳಿದರು: “ಹಂಗಾದ್ರೆ ನಿಮ್ಮ ಲೆಕ್ಕದಲ್ಲಿ ಇನ್ನೊಂದು ಮಾಡಿ. ಯುಗಾದಿಯೊಳಗೆ ನಮ್ಮಲ್ಲಿಗೇ ತನ್ನಿ. ನಮ್ಮ ಕರೆಂಟಲ್ಲಿ ಬೆಳಗ್ಗಿಂದ ಸಂಜೆ ತನಕ ಓಡ್ಬೇಕು. ಓಡಿದ್ರೆ ಆರು. ಇಲ್ಲಾಂದ್ರೆ ಭಟ್ರ ಕತೆ ಕೇಳಿದ್ದಷ್ಟೇ ಲಾಭ.”

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಪಂಚಮಿ ನನ್ನ ಒಂದೊಂದೇ ತಿದ್ದುಪಡಿಯನ್ನು ಎತ್ತಿ ಹಿಡಿದು, “ಇದು ಎಂತಕ್ಕೆ ದೊಡ್ಡಪ್ಪ?” ಎಂದು ಕೇಳುವುದು, ನಾನು ವಿವರಿಸುವುದು, ವಿವರಿಸುತ್ತ ವಿವರಿಸುತ್ತ ಅದೂ ಕರೆಂಟು ಸಾಲದ್ದಕ್ಕೇ ಹಾಕಿದ್ದೆಂದು ನನಗೇ ಗೊತ್ತಾಗುವುದು, ಅವಳು ಕತ್ತರಿಸಿ ಡಬ್ಬಿಗೆ ಹಾಕುವುದು. ಒಂದು ಸಣ್ಣ ಕೆಪಾಸಿಟರನ್ನು ಮಾತ್ರ ಉಳಿಸಲು ಹೋರಾಡಿದೆ. ಅದು ದನಿಗೆ ಹಾಕಿದ್ದು, ಕರೆಂಟಿಗಲ್ಲ ಎಂದೆ. ಅವಳು ಅದನ್ನು ಬಿಚ್ಚಿ ಕೇಳಿಸಿದಳು, ಹಾಕಿ ಕೇಳಿಸಿದಳು. ಯಾವ ವ್ಯತ್ಯಾಸವೂ ಇರಲಿಲ್ಲ. “ಇರ್ಲಿ ಬಿಡಿ, ಉಪದ್ರ ಇಲ್ಲ” ಎಂದು ಉಳಿಸಿದಳು. ಕಳಸದ ಹದದಲ್ಲಿ ಕೊನೆಗೆ ಉಳಿದದ್ದು ಉಪದ್ರವಿಲ್ಲದ ಅದೊಂದೇ.

ಜೊತೆಗೆ ಅವಳದ್ದೊಂದು ಸೇರಿತು. ನಮ್ಮಂಥ ಅರೆಹೊಟ್ಟೆಯ ಊರುಗಳಿಗೂ ಆಗಲೆಂದು ಒಳಬರುವ ಸುತ್ತಿನ ನಡುವೆ ಎರಡು ಕಡೆ ತಂತಿ ಹೊರತೆಗೆದು, ಹಿಂದುಗಡೆ ಒಂದು ತಿರುಗಣಿ ಇಟ್ಟಳು. ವೋಲ್ಟ್ ಎಷ್ಟೋ ಅಷ್ಟಕ್ಕೆ ತಿರುಗಿಸಿಕೊಂಡರಾಯಿತು. ಹೆಚ್ಚಾದರೆ ಹಾರಿಹೋಗಲು ಒಂದು ಫ್ಯೂಸು. ಅಷ್ಟು ಸಣ್ಣ ಉಪಾಯ ಐವತ್ತು ವರ್ಷ ನನಗೆ ಯಾಕೆ ಹೊಳೆಯಲಿಲ್ಲ? ಉತ್ತರ ಸುಲಭ. ತನ್ನ ಊರಿನ ಕರೆಂಟೇ ತಪ್ಪಾಗಿರಬಹುದೆಂದು ಅನ್ನಿಸಿದವನಿಗೆ ಅಲ್ಲವೇ ಅದು ಹೊಳೆಯುವುದು?

ಯುಗಾದಿಗೆ ಇನ್ನೆರಡು ದಿನ ಇರುವಾಗ ಅತ್ತಿಗುಂಡಿಗೆ ಹೋದೆವು. ಸುದೀಪನೇ ತನ್ನ ಕಾರಿನಲ್ಲಿ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಒಂದೇ ಸಲ ಬಾಯಿ ಬಿಟ್ಟ: “ಕೌಂಟರಿಗೆ ಹೊಸ ಕುರ್ಚಿ ತರಿಸಿದ್ದೇನೆ, ತಿರುಗುವಂಥದ್ದು.” ಪಂಚಮಿ ಮಡಿಲಿನ ಪೆಟ್ಟಿಗೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದಳು. ಎರಡೂ ಬದಿಯ ತೋಟಗಳು ಬೆಳ್ಳಗೆ ಹೂ ಹೊತ್ತು ನಿಂತಿದ್ದವು. ನನ್ನ ಮಾನ ತೆಗೆದ ಮಳೆಯದ್ದೇ ಹೂವು. ಪರಿಮಳಕ್ಕೇನೂ ಕೊರತೆ ಇರಲಿಲ್ಲ.

ಕಾಟೇಜಿನಲ್ಲಿ ಪಂಚಮಿ ಮೊದಲು ಮಾಡಿದ ಕೆಲಸ ಗೋಡೆಯ ಸಾಕೆಟ್ಟಿಗೆ ಮೀಟರು ಹಿಡಿದದ್ದು. ಇನ್ನೂರ ಮೂವತ್ತಾರು. ತಿರುಗಣಿ ತಿರುಗಿಸಿದಳು, ಸ್ವಿಚ್ ಹಾಕಿದಳು. ನಾನು ಮೂಗು ಅರಳಿಸಿ ಹೊಗೆಗಾಗಿ ಕಾದೆ. ಅದೇ ನಾಗಸ್ವರದ ರೆಕಾರ್ಡು ತಿರುಗಿತು.

ಏನು ಹೇಳಲಿ? ನುಡಿಸುವವನು ಉಸಿರು ಎಳೆದುಕೊಂಡದ್ದು ಕೇಳಿಸಿತು. ಪಕ್ಕದಲ್ಲಿ ಡೋಲಿನವನ ಬೆರಳಿನ ಉಂಗುರ ಮರಕ್ಕೆ ತಾಗಿದ್ದು ಕೇಳಿಸಿತು. ಯೌವನದಿಂದ ನಾನು ಜಗತ್ತಿನ ಮುಂದೆಲ್ಲ ಕೊಂಡಾಡಿದ ಆ ಆಂಪ್ಲಿಫೈಯರನ್ನು, ಬರೆದವರು ಬರೆದ ಹಾಗೆ, ಹೊಟ್ಟೆತುಂಬ ಕರೆಂಟಿನಲ್ಲಿ, ನಾನು ಕೇಳಿದ್ದು ಅದೇ ಮೊದಲು. ಕಣ್ಣು ಮಂಜಾಯಿತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

“ಹೇಗುಂಟು ದೊಡ್ಡಪ್ಪ?” ಎಂದಳು ಪಂಚಮಿ.

“ಅಡ್ಡಿಯಿಲ್ಲ” ಎಂದೆ.

ಬೆಳಗಿನಿಂದ ಸಂಜೆಯವರೆಗೂ ಓಡಿತು. ಮಧ್ಯಾಹ್ನ ಊಟವಾದ ಮೇಲೆ ನಾನೇ ಮೂರು ಸಲ ಹೋಗಿ ಟ್ರಾನ್ಸ್‌ಫಾರ್ಮರಿಗೆ ಅಂಗೈ ಇಟ್ಟು ಬಂದೆ. ಕರುವಿನ ಹಣೆಯಷ್ಟು ಬೆಚ್ಚಗಿತ್ತು, ಅದಕ್ಕಿಂತ ಹೆಚ್ಚಿಲ್ಲ. ಕಾಟೇಜಿಗೆ ಬಂದಿದ್ದ ಬೆಂಗಳೂರಿನ ದಂಪತಿ ಬಾಗಿಲಲ್ಲಿ ನಿಂತು ಕೇಳಿ, ತಮಗೊಂದು ಬೇಕೆಂದು ಪಂಚಮಿಯ ನಂಬರ್ ಬರೆದುಕೊಂಡರು. ಸೂರ್ಯ ಗುಡ್ಡದ ಹಿಂದೆ ಇಳಿದಾಗ ಗೌಡರು ಪೆಟ್ಟಿಗೆ ಆರಿಸಿ, ಪಂಚಮಿಗೆ ಕೈ ಜೋಡಿಸಿ, “ಉಳಿದ ಐದು ಮಳೆಗಾಲದೊಳಗೆ ಕೊಡ್ತೀರಾ?” ಎಂದರು. ಅವಳು ಕೊಡುತ್ತೇನೆಂದಳು.

ಯುಗಾದಿ ಕಳೆದು ಒಂದು ವಾರಕ್ಕೆ ಸುದೀಪ ಅಂಗಡಿಗೆ ಬಂದ. ಶಟರ್ ಪೂರ್ತಿ ಮೇಲಿತ್ತು. ಪಂಚಮಿ ಸುತ್ತುವ ಯಂತ್ರದ ಹಿಡಿ ತಿರುಗಿಸುತ್ತ ಲೆಕ್ಕದಲ್ಲಿದ್ದಳು. ಅವನು ಅಲ್ಲಿ ಇಲ್ಲಿ ನೋಡಿ, ಕೆಮ್ಮಿ, “ಲಾಡ್ಜಿನ ಹಾಲಿಗೂ ಒಂದು ಇದ್ರೆ ಒಳ್ಳೇದಿತ್ತು. ಬೆಳಗ್ಗೆ ದೇವರನಾಮ ಹಾಕ್ಬಹುದು” ಎಂದ.

ಅವಳು ಹಿಡಿ ನಿಲ್ಲಿಸಲಿಲ್ಲ. “ಅತ್ತಿಗುಂಡಿಯದ್ದು ಮುಗೀಬೇಕು. ಆಮೇಲೆ ಬೆಂಗಳೂರಿನದ್ದು. ಅದಾದ್ಮೇಲೆ ನಿಮ್ಮದು.”

“ಗಂಡನಿಗೂ ಸಾಲಾ?”

“ಗಂಡನಿಗೆ ಅಂತಾನೇ ಮೂರನೇದು. ಬೇರೆಯವ್ರಾದ್ರೆ ದೀಪಾವಳಿ ಕಳೀಬೇಕಿತ್ತು. ಮತ್ತೆ ಕೌಂಟರಿಗೆ ಯಾರನ್ನಾದ್ರೂ ನೋಡ್ಕೊಳ್ಳಿ, ಹೊಸ ಕುರ್ಚಿ ಖಾಲಿ ಬಿಡ್ಬೇಡಿ.”

ಅವನು ನಗು ತಡೆಯಲಾರದೆ, “ನಮ್ಮ ಲಾಡ್ಜಿನ ಕರೆಂಟಿಗೆ ಯಾವ ನಂಬರಿಗೆ ತಿರುಗಿಸ್ಬೇಕು ಇದನ್ನ?” ಎಂದು ಕೇಳಿದ.

“ನೂರೆಂಬತ್ತು ಸಾಕು, ನಮ್ಮ ಲೈನೇ ಅಲ್ವಾ” ಎಂದೆ ನಾನು.

ಪಂಚಮಿ ಯಂತ್ರ ನಿಲ್ಲಿಸಿ ಮೇಜಿನ ಮೇಲಿದ್ದ ಮೀಟರನ್ನು ಗಂಡನ ಕೈಗೆ ಕೊಟ್ಟಳು. “ಬೆಳಿಗ್ಗೆ ಒಂದ್ಸಲ ನೋಡಿ, ಮಧ್ಯಾಹ್ನ ಒಂದ್ಸಲ ನೋಡಿ, ಮಳೆ ಬಂದಾಗ ಒಂದ್ಸಲ ನೋಡಿ. ನೋಡ್ಕೊಂಡು ಬಂದು ಹೇಳಿ.”

ಸುದೀಪ ಮೀಟರನ್ನು ಜೇಬಿಗಿಳಿಸಿ ಹೊರಟ. ಅವರಿಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡದೆ ಇದ್ದದ್ದೇ ನನಗೆ ಅವರು ಕೊಟ್ಟ ಮರ್ಯಾದೆ ಎಂದು ತಿಳಿದುಕೊಂಡಿದ್ದೇನೆ.